ಜೋಕಪ್ಪನ ತಲೆಗೆ ಮಗನ ಕುಲಾವಿ

ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಅಂಬಿಗರ ಓಣಿಯ ಮುತ್ತವ್ವ ಬಾಗಿಲಲ್ಲಿ ಕುಳಿತು ಮಣ್ಣಿನ ಜೋಕುಮಾರನ ಬಾಯಿಗೆ ಬೆಣ್ಣೆ ಸವರುತ್ತಿದ್ದಾಳೆ. ಬುಟ್ಟಿಯ ತುಂಬ ಬೇವಿನ ಸೊಪ್ಪು, ನಡುವೆ ಅಗಲ ಕಣ್ಣಿನ ದೇವರು. ಅವನ ತಲೆಯ ಮೇಲೆ ಬೇರೆ ಯಾವ ಜೋಕುಮಾರನಿಗೂ ಇರದ ಒಂದು ವಸ್ತು ಇದೆ, ಬಣ್ಣ ಮಾಸಿದ ಕೂಸಿನ ಕುಲಾವಿ. ಮುತ್ತವ್ವ ಅದನ್ನು ಮುಟ್ಟುತ್ತಾಳೆ, ಕೈ ಹಿಂದಕ್ಕೆ ತೆಗೆಯುತ್ತಾಳೆ. ಇಂದು ಹುಣ್ಣಿಮೆ. ಸಂಜೆಗೆ ಜೋಕಪ್ಪ ಸಾಯಬೇಕು.

ಗಣಪತಿಯ ಬೆನ್ನಿಗೇ ಹುಟ್ಟುವ ಈ ದೇವರಿಗೆ ಆಯುಷ್ಯ ಏಳೇ ದಿನ. ಗಣಪ್ಪ ಕಡುಬು ತಿಂದು ಹೋಗಿ, ಭೂಲೋಕದಲ್ಲಿ ಎಲ್ಲ ಚೆಂದ ಎಂದು ತಾಯಿಗೆ ಹೇಳುತ್ತಾನಂತೆ. ಬಡವರ ಅಂಬಲಿ ಉಂಡ ಜೋಕಪ್ಪ ಮಾತ್ರ ಕಂಡದ್ದನ್ನು ಕಂಡಂತೆ ಹೇಳಿ ಮಳೆ ತರಿಸುತ್ತಾನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಂಥವನು ಬಹಳ ದಿನ ಬಾಳುವುದುಂಟೆ? ಅವನನ್ನು ಹೊತ್ತು ಶಿರಹಟ್ಟಿ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹಾಡುತ್ತ ಹೋಗುವುದು ಮುತ್ತವ್ವ ಮತ್ತು ಅವಳ ಅತ್ತೆ ಗುರುಸಿದ್ದವ್ವನ ಪಾಲಿನ ಕೆಲಸ. ಮೊರಕ್ಕೆ ಜೋಳ, ಮೆಣಸಿನಕಾಯಿ ಬೀಳುತ್ತವೆ. ಕತ್ತು ಊದುತ್ತದೆ, ಗಂಟಲು ಒಡೆಯುತ್ತದೆ. ಉಳಿದ ದಿನಗಳಲ್ಲಿ ಮುತ್ತವ್ವ ಸಂತೆಯಲ್ಲಿ ಮೀನು ಮಾರುತ್ತಾಳೆ.

ಅವಳ ಒಬ್ಬನೇ ಮಗ ಹನಮಂತ, ಮುಂಡರಗಿ ಕಡೆಯ ತವರಿನಲ್ಲಿ ತುಂಗಭದ್ರೆಯ ಪಾಲಾದ. ಆಗಿನ್ನೂ ತೊದಲು ಮಾತು. ಎಷ್ಟೋ ಮಳೆಗಾಲ ಕಳೆದರೂ ಆ ಸಂಕಟ ತಗ್ಗಿಲ್ಲ. ಮಗನನ್ನು ಕಳೆದುಕೊಂಡವಳು ದೇವರ ಬುಟ್ಟಿ ಹೊರಬಾರದೆಂದು ಓಣಿಯವರು ತಕರಾರು ತೆಗೆದಾಗ, ಗುರುಸಿದ್ದವ್ವನೇ ಬುಟ್ಟಿ ಎತ್ತಿ ಸೊಸೆಯ ತಲೆಗಿಟ್ಟಿದ್ದಳು. “ಜೋಕಪ್ಪನ ಅವ್ವಾನೂ ಮಗನ್ನ ಕಳಕೊಂಡಾಕೀನ. ಇಕಿ ಹೊರದ ಮತ್ಯಾರು ಹೊರಬೇಕು?”

ಕಳೆದ ಚಳಿಗಾಲದಲ್ಲಿ ಕೆರೆಯ ಹಕ್ಕಿ ನೋಡಲು ಬಂದ ಜಪಾನಿನ ಹೆಂಗಸೊಬ್ಬರು ಈ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಜೊತೆಗಿದ್ದ ಶಿರಹಟ್ಟಿಯ ಟೀಚರ್ ಹರಿಪ್ರಿಯಾ, ಆ ಹೆಂಗಸಿನ ಮಾತನ್ನು ಕನ್ನಡದಲ್ಲಿ ತಿಳಿಸಿದರು. ಆ ನಾಡಿನ ಹೊಳೆಗಳಲ್ಲಿ ಕಪ್ಪಾ ಎಂಬ ಭೂತವಿದೆಯಂತೆ. ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯಲ್ಲಿ ನೀರು ತುಂಬಿದ ಗುಳಿ, ಮಕ್ಕಳನ್ನು ಎಳೆದೊಯ್ಯುವುದೇ ಅದರ ಕಸುಬು. ಸತ್ತ ಮಕ್ಕಳನ್ನು ಕಾಯಲು ಜಿಜೋ ಎಂಬ ಪುಟ್ಟ ಕಲ್ಲಿನ ದೇವರಿದ್ದಾನಂತೆ. ತಾಯಂದಿರು ಅವನಿಗೆ ಕೆಂಪು ಟೊಪ್ಪಿಗೆ ಹಾಕುತ್ತಾರಂತೆ. “ಅಷ್ಟು ದೂರದಾಗೂ ಹೊಳಿ ಹಿಂಗ ಮಾಡತೈತೇನ್ರಿ?” ಎಂದು ಕೇಳಿದ ಮುತ್ತವ್ವ ಆ ದಿನ ಊಟ ಮಾಡಲಿಲ್ಲ.

ಈ ಸಲ ಜೋಕಪ್ಪ ಹುಟ್ಟಿದ ದಿನ, ಪೆಟ್ಟಿಗೆಯಲ್ಲಿ ಉಳಿದಿದ್ದ ಮಗನ ಕುಲಾವಿಯನ್ನು ತೆಗೆದು ಅವನ ತಲೆಗೆ ಹಾಕಿದಳು. ಮಗನೂ ಊರೂರು ತಿರುಗಿ ಬರಲಿ ಎಂಬ ಆಸೆ. ಆಸೆಯ ಭರದಲ್ಲಿ ಬಲ್ಲ ಕಟ್ಟಳೆಯನ್ನೇ ಮರೆತಳು. ಜೋಕಪ್ಪನ ಮೈಮೇಲೆ ಏರಿದ್ದು ಇಳಿಯುವಂತಿಲ್ಲ, ಹುಣ್ಣಿಮೆಯ ಸಂಜೆ ಅಗಸರು ಅವನನ್ನು ಬಡಿದು ಹಳ್ಳಕ್ಕೆ ಬಿಡುವಾಗ ಅದೂ ಅವನ ಜೊತೆಗೇ ಹೋಗಬೇಕು. ಇಳಿಸಿದರೆ ಮಳೆ ಮುನಿಯುತ್ತದೆ. ಅಂದು ಸಂಜೆ ಅತ್ತೆ ಅದನ್ನು ನೆನಪಿಸಿದಳು. ಅಂದಿನಿಂದ, ಕೆಂಪು ಖಣದ ಚೂರಿನಲ್ಲಿ ಅದೇ ಅಳತೆಯ ಇನ್ನೊಂದು ಕುಲಾವಿ ಹೊಲಿದು ಉಡಿಯಲ್ಲಿಟ್ಟುಕೊಂಡೇ ತಿರುಗಿದ್ದಾಳೆ. ಕೊನೆಗಳಿಗೆಯಲ್ಲಿ ಅದಲುಬದಲು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ?

ಸಂಜೆ ಹಳ್ಳದ ದಂಡೆಯಲ್ಲಿ, ಅಗಸರ ಕಲ್ಲಿನ ಬಳಿ ಬುಟ್ಟಿ ಇಳಿಯುತ್ತದೆ. ಸೊಸೆಯ ಉಡಿಯ ಗಂಟನ್ನು ನೋಡಿಯೂ ನೋಡದವಳಂತೆ ಗುರುಸಿದ್ದವ್ವ ಮುಖ ತಿರುಗಿಸುತ್ತಾಳೆ. ಮುತ್ತವ್ವನ ಬೆರಳು ಕುಲಾವಿಯ ಕಸೆಯ ತನಕ ಹೋಗುತ್ತದೆ. ಬಿಚ್ಚುವುದಿಲ್ಲ, ಗಾಳಿಗೆ ಹೊರಟ ಕೂಸಿಗೆ ಕಟ್ಟುವ ಹಾಗೆ ಇನ್ನಷ್ಟು ಬಿಗಿದು ಕಟ್ಟುತ್ತಾಳೆ. ಆಮೇಲೆ ಕಟ್ಟಳೆಯಂತೆ ತಿರುಗಿ ನೋಡದೆ ನಡೆಯುತ್ತಾಳೆ.

“ಖರೆ ಹೇಳೂ ದೇವರಿಗೆ ಸುಳ್ಳು ಹೆಂಗ ತೊಡಸ್ಲಿರಿ?” ಎನ್ನುತ್ತಾಳೆ ದಾರಿಯಲ್ಲಿ ಅತ್ತೆಗೆ. “ಅವರ ದೇವರು ಕಲ್ಲಿನಾಂವ, ಟೊಪಗಿ ಉಳೀತೈತಿ. ನಮ್ಮಾಂವ ಮಣ್ಣಿನಾಂವ, ಕರಗತಾನ.”

ಮರುದಿನ ಬೆಳಿಗ್ಗೆ ಅದೇ ಬಾಗಿಲಲ್ಲಿ ಕುಳಿತು ಕೆಂಪು ಕುಲಾವಿಯ ಹೊಲಿಗೆ ಬಿಚ್ಚುತ್ತಿದ್ದಾಳೆ. ಪಕ್ಕದಲ್ಲಿ ಖಣದ ಇನ್ನೊಂದು ಚೂರು. ಮುಂದಿನ ಜೋಕಪ್ಪನಿಗೆ ಇದನ್ನೇ ಇಡಬಹುದಿತ್ತಲ್ಲ ಎಂದು ಅತ್ತೆ ಕೇಳಿದರೆ ತಲೆಯೆತ್ತುವುದಿಲ್ಲ.

“ಒಂದೀಟು ದೊಡ್ಡದು ಮಾಡ್ತೀನ್ರಿ. ಬರೋ ವರ್ಷಕ್ಕ ಕೂಸು ಬೆಳೆದಿರತೈತಲ್ಲ.”