ಪಟ್ಟಿ ಪಟ್ಟಿಯಾಗಿ ಮೂಡಿದ ಮುಖ

ಮೊನ್ನೆ ನಮ್ಮ ಶಾಲೆಯ ಕಪಾಟು ಖಾಲಿ ಮಾಡುವಾಗ ಹೆಬ್ಬೆರಳು ದಪ್ಪದ ಕೇಬಲ್ ಒಂದು ಸಿಕ್ಕಿತು. ಹಳೆಯ ಕಂಪ್ಯೂಟರಿನ ಪ್ಯಾರಲಲ್ ಪೋರ್ಟಿಗೆ ಪ್ರಿಂಟರ್, ಸ್ಕ್ಯಾನರ್ ಜೋಡಿಸುವಂಥದು. ಅದರ ರಬ್ಬರಿನ ವಾಸನೆಗೆ ಜೇವರ್ಗಿಯ ಆ ಕಂಪ್ಯೂಟರ್ ಸೆಂಟರೂ, ಅದನ್ನು ನಡೆಸುತ್ತಿದ್ದ ಮೇಡಮ್ಮೂ ನೆನಪಾದರು…

ನಾನು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಮೇಡಂ ನನಗಿಂತ ಸ್ವಲ್ಪ ಹಿರಿಯರು. ಅವರ ಗಂಡ ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದು, ಆಗೊಮ್ಮೆ ಈಗೊಮ್ಮೆ ಊರಿಗೆ ಬರುತ್ತಿದ್ದರು. ಪೋರ್ಟಿನ ಪಾಠವೆಂದರೆ ಮೇಡಮ್ಮಿಗೆ ಬಲು ಹುರುಪು. ಹಳೆಯ ಎಸ್‌ಪಿಪಿ ಕ್ರಮದಲ್ಲಿ ಮಾಹಿತಿ ಹೊರಗೆ ಹೋಗುವಾಗ ಎಂಟೆಂಟು ಬಿಟ್, ಒಳಗೆ ಬರುವಾಗ ನಾಲ್ಕು ನಾಲ್ಕೇ. ಸೆಕೆಂಡಿಗೆ ನೂರು ಕಿಲೋಬೈಟ್ ಬಂದರೆ ದೊಡ್ಡದು. ಆಮೇಲೆ ಬಂದ ಇಪಿಪಿ ಕ್ರಮದಲ್ಲಿ ಎರಡೂ ಕಡೆಗೆ ಎಂಟೆಂಟು. ಇಸಿಪಿಯಲ್ಲಂತೂ ಪ್ರೊಸೆಸರಿಗೆ ಕೆಲಸ ಹಚ್ಚದೆ ಸೀದಾ ಮೆಮೊರಿಗೇ. ಇವೆರಡರ ವೇಗ ಹತ್ತು ಪಟ್ಟಿಗೂ ಹೆಚ್ಚು. "ಹಳೇದ್ರಾಗ ಹೋಗೂ ಹಾದಿ ಅಗಲ, ಬರೂ ಹಾದಿ ಇಕ್ಕಟ್ಟ ಅದ" ಎಂದು ಕೈಯಾಡಿಸಿ ತೋರಿಸುತ್ತಿದ್ದರು.

ಒಂದು ದಿನ ಕಂಪ್ಯೂಟರಿನೊಳಗಿನ ಸಣ್ಣ ಬ್ಯಾಟರಿ ಸತ್ತು, ಪೋರ್ಟ್ ತಾನೇ ಹಳೆಯ ಕ್ರಮಕ್ಕೆ ಮರಳಿತ್ತು. ಮೇಡಂ ಅದನ್ನು ಸರಿಪಡಿಸುವಷ್ಟರಲ್ಲಿ ಇಜೇರಿ ಕಡೆಯ ಹಿರಿಯರೊಬ್ಬರು ಬಂದರು. ಮಗಳಿಗೆ ಗೊತ್ತು ಮಾಡಿದ ವರನ ಫೋಟೊ ದೊಡ್ಡದು ಮಾಡಿಸಬೇಕಿತ್ತು. ಬಸ್ಸಿನ ಅವಸರ ಬೇರೆ. ಸರಿಪಡಿಸುತ್ತ ಕೂರುವುದಕ್ಕಿಂತ, ನಿಧಾನವಾದರೂ ಹೀಗೇ ಆಗಲಿ ಎಂದರು ಮೇಡಂ. ನಾನು ಅವಸರದಲ್ಲಿ ಆ ಸಣ್ಣ ಫೋಟೊವನ್ನು ಸರಿಯಾಗಿ ನೋಡದೆಯೇ ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಇಟ್ಟೆ.

ಪರದೆಯ ಮೇಲೆ ಚಿತ್ರ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಕೂದಲು, ಆಮೇಲೆ ಹಣೆ. ಇಷ್ಟು ನಿಧಾನವೇಕೆಂದು ಹಿರಿಯರಿಗೆ ವಿವರಿಸುತ್ತಿದ್ದ ಮೇಡಂ ನಡುವೆಯೇ ಮಾತು ನಿಲ್ಲಿಸಿದರು. ಹುಬ್ಬಿನ ಮೇಲೊಂದು ಗಾಯದ ಕಲೆ ಮೂಡಿತ್ತು. ಕಣ್ಣು ಬರುವ ಹೊತ್ತಿಗೆ ನನಗೂ ಗುರುತು ಹತ್ತಿತು. ನಿಲ್ಲಿಸಲೆಂದು ಮೌಸಿಗೆ ಕೈ ಹಾಕಿದೆ.

"ಬ್ಯಾಡ. ಪೂರಾ ಬರ್ಲಿ" ಎಂದರು ಮೇಡಂ.

ಬೇರೆ ಯಾರೋ ಇರಬಹುದೆಂಬ ಆಸೆ ಇತ್ತೇನೋ… ಮೂಗು, ಮೀಸೆ, ಗದ್ದ. ಅಷ್ಟೂ ಬಂದು ಮುಗಿಯುವತನಕ ಅವರು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಆಮೇಲೆ ಹಿರಿಯರ ಕಡೆ ತಿರುಗಿದರು.

"ಕಾಕಾ, ಇವ್ರು ನಮ್ಮ ಮಾಲಕರ್ರಿ. ನನ್ನ ಗಂಡ."

ಹಿರಿಯರಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಅಲ್ಲೇ ಬಾಗಿಲ ಬಳಿ ಕುಸಿದು ಕೂತರು. ನಿಶ್ಚಯಕ್ಕೆ ಊರೆಲ್ಲ ಹೇಳಿಯಾಗಿದೆ ಎಂದು ತಮ್ಮಷ್ಟಕ್ಕೇ ಅನ್ನುತ್ತಿದ್ದರು. ಮೇಡಮ್ಮೇ ನೀರು ತಂದು ಕೊಟ್ಟರು.

ಆ ಮದುವೆ ಮುರಿಯಿತು. ಗಂಡ ಬಂದು ಏನೇನೋ ಹೇಳಿದರೂ ಮೇಡಂ ಅವನನ್ನು ಹೊಸ್ತಿಲು ದಾಟಿಸಲಿಲ್ಲ. ಊರವರ ಬಾಯಿಗೆ ಬೇಸತ್ತಿದ್ದ ಆ ಹಿರಿಯರ ಮಗಳು ಕೆಲವು ವಾರಗಳಲ್ಲೇ ನಮ್ಮ ಸೆಂಟರಿಗೆ ಕಲಿಯಲು ಬಂದಳು. ಮೇಡಂ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮುಂದೆ ಯಡ್ರಾಮಿಗೆ ಹೋಗಿ ಹೊಸ ಸೆಂಟರ್ ತೆರೆದಾಗಲೂ ಅವಳನ್ನು ಜೊತೆಗೇ ಕರೆದೊಯ್ದರು. ನಾನು ಮದುವೆಯಾಗಿ ಆಳಂದಕ್ಕೆ ಬಂದೆ. ಮೊದಮೊದಲು ಫೋನು, ಆಮೇಲೆ ಅದೂ ಕಡಿಮೆಯಾಯಿತು…

ಮೊನ್ನೆ ತಡೆಯಲಾರದೆ ಯಡ್ರಾಮಿಯ ಆ ಸೆಂಟರಿನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಆ ಹುಡುಗಿಯೇ. ಈಗ ಸೆಂಟರನ್ನು ಅವಳೇ ನಡೆಸುತ್ತಾಳಂತೆ. ಮೇಡಮ್ಮಿಗೆ ಕೊಡು ಎಂದೆ.

"ಅಕ್ಕ ತೀರಿಹೋಗಿ ವರ್ಷಾತ್ರಿ. ನಿಮಗ ಯಾರೂ ಹೇಳಿಲ್ಲೇನ್ರಿ?"

ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.