ಕೆಳಗೆ ಮೆಷಿನ್ ನಡೆಯುತ್ತಿದ್ದ ಮನೆ

ನನ್ನ ಗಂಡನದು ಸ್ಪೀಕರ್ ಅಂಗಡಿ. ಮಾಮೂಲಿ ಬೇಸ್‌ಗಿಂತಲೂ ಎಷ್ಟೋ ಕೆಳಗಿನ ಸದ್ದು ಹೊರಡಿಸುವ, ಬೀರುವಿನಷ್ಟು ದೊಡ್ಡ ಸಬ್‌ವೂಫರ್ ಕೇಳಿಕೊಂಡು ಬರುವ ಗಿರಾಕಿಗಳನ್ನು ಇವರೇ ವಾಪಸು ಕಳಿಸುತ್ತಾರೆ. ಆ ಸದ್ದು ಕಿವಿಗೆ ಕೇಳುವುದಿಲ್ಲ, ಮೈಗೆ ನಡುಕವಾಗಿ ತಿಳಿಯುತ್ತದೆ ಅಷ್ಟೆ. ಹಾಡಿನಲ್ಲೇ ಇಲ್ಲದ್ದನ್ನು ಪೆಟ್ಟಿಗೆ ಎಲ್ಲಿಂದ ತಂದೀತು, ಮನೆಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುವುದು ಇವರ ವಾದ. ಅಂಥವರು ಒಂದು ಭಾನುವಾರ ಅದೇ ಪೆಟ್ಟಿಗೆಯನ್ನು ಇಬ್ಬರಿಂದ ಹೊರಿಸಿಕೊಂಡು ನಮ್ಮ ಮನೆಗೇ ಬಂದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಾನು ಬಾಗಿಲಲ್ಲೇ ಅಂದೆ. ಇವರು ನಗಲಿಲ್ಲ. ಅಮ್ಮನಿಗೆ ತಂದಿದ್ದೇನೆ ಎಂದರು.

ನಮ್ಮತ್ತೆ ಮದುವೆಯಾಗಿ ಬಂದದ್ದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮನೆಗೆ. ಮಾವ ಕೆಳಗೆ ದೊಡ್ಡ ಮೆಷಿನ್ ನಡೆಸುತ್ತಿದ್ದರೆ ಮೇಲೆ ಇಡೀ ಮನೆ ಅದುರುತ್ತಿತ್ತು. ಅತ್ತೆ ಹಾಲಿನ ಪಾತ್ರೆಯನ್ನು ಮಡಿಸಿದ ಬಟ್ಟೆಯ ಮೇಲಿಡುತ್ತಿದ್ದರು, ಗಡಿಯಾರವನ್ನು ಮೊಳೆಗೆ ದಾರದಿಂದ ಬಿಗಿದಿದ್ದರು. ಮಕ್ಕಳನ್ನು ನೆಲದ ಮೇಲೆ ಮಲಗಿಸಿದರೆ ಸಾಕಿತ್ತಂತೆ, ತೊಟ್ಟಿಲು ತೂಗುವ ಕೆಲಸವೇ ಇರಲಿಲ್ಲ.

ಮಾವ ತೀರಿಕೊಂಡರು, ಮೆಷಿನ್ ಗುಜರಿಗೆ ಹೋಯಿತು, ಕಟ್ಟಡ ಕೆಡವಿದರು. ಅತ್ತೆ ನಮ್ಮಲ್ಲಿಗೆ ಬಂದರು, ಆದರೆ ಮನಸ್ಸು ಬರಲಿಲ್ಲ. ತಂದ ಟ್ರಂಕನ್ನು ತೆರೆಯಲಿಲ್ಲ. ಊಟಕ್ಕೆ ಕೂತರೆ ಎರಡು ತುತ್ತು. ಈ ಮನೆಗೆ ಉಸಿರೇ ಇಲ್ಲ, ನನ್ನನ್ನು ಅಲ್ಲಿಗೇ ಬಿಟ್ಟು ಬಾ ಎಂದು ಮಗನ ಜೀವ ಹಿಂಡುತ್ತಿದ್ದರು. ಎಲ್ಲಿಗೆ ಬಿಡುವುದು? ಅಲ್ಲೀಗ ಕಾರು ನಿಲ್ಲಿಸುತ್ತಾರೆ. ನನಗೆ ಸಿಟ್ಟು ಬರುತ್ತಿತ್ತು, ಆದರೂ ಅವರ ಮುಖ ನೋಡಿ ಇನ್ನೊಂದು ತುತ್ತು ಬಡಿಸಲು ಹೋಗುತ್ತಿದ್ದೆ.

ಇವರು ಪೆಟ್ಟಿಗೆಯನ್ನು ಅತ್ತೆಯ ಕೋಣೆಯ ಮೂಲೆಗೆ ಸರಿಸಿ, ಹಾಡಿನ ಬದಲು ಫೋನಿನಿಂದ ಬರೀ ತಗ್ಗಿನ ಸದ್ದು ಕೊಟ್ಟು, ಮಧ್ಯಾಹ್ನವೆಲ್ಲ ಗುಂಡಿ ತಿರುಗಿಸುತ್ತ ಕೂತರು. ಒಮ್ಮೆ ಕಿಟಕಿಯ ಗಾಜು ಗಲಗಲ ಎಂದಿತು, ಒಮ್ಮೆ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಲೋಟಗಳು ಸಾಲು ಬಿಟ್ಟು ನಡೆದವು. ಸಂಜೆಯ ಹೊತ್ತಿಗೆ ಸದ್ದೆಲ್ಲ ಅಡಗಿ, ಅಂಗಾಲಿನಲ್ಲಿ ಮಾತ್ರ ಸಣ್ಣ ನಡುಕ ಉಳಿಯಿತು. ಅತ್ತೆ ನೆಲಕ್ಕೆ ಅಂಗೈ ಊರಿ, "ಇದೇ ಕಣೋ," ಅಂದರು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾನು ತಟ್ಟೆ ತಂದುಕೊಟ್ಟರೆ ಬಡಿಸಿದ್ದನ್ನೆಲ್ಲ ಉಂಡರು. ಇವರು ಗೆದ್ದವರ ಹಾಗೆ ನನ್ನತ್ತ ನೋಡಿ, ಇವತ್ತಿಗೆ ಸಾಕು ಎಂದು ಸ್ವಿಚ್ ಆರಿಸಿದರು.

ನಡುಕ ನಿಂತಿತು. ಅತ್ತೆ ತಟಕ್ಕನೆ ಎದ್ದರು. ಕೂದಲು ಸರಿಮಾಡಿಕೊಳ್ಳುತ್ತ ಹೋಗಿ ಮುಂಬಾಗಿಲ ಚಿಲಕ ತೆಗೆದರು. ಹೊರಗೆ ಯಾರೂ ಇರಲಿಲ್ಲ. ಏನಾಯಿತಮ್ಮ ಎಂದು ಇವರು ಕೇಳಿದರು.

"ಮೆಷಿನ್ ನಿಂತ್ರೆ ನಿಮ್ಮಪ್ಪ ಮೇಲೆ ಬರ್ತಿದ್ರು," ಅಂದರು.

ಇವರ ಮುಖ ಇಳಿದುಹೋಯಿತು. ಪೆಟ್ಟಿಗೆಯ ವೈರು ಕೀಳಲು ಬಗ್ಗಿದರು. ಅತ್ತೆ ಚಿಲಕ ಹಾಕಿ ಬಂದು, ಕೂತಿದ್ದ ಜಾಗದಲ್ಲೇ ಮತ್ತೆ ಕೂತರು.

"ಕೀಳ್ಬೇಡ, ಹಾಕು. ಅದು ನಡೀತಿದ್ರೆ, ಅವರಿನ್ನೂ ಕೆಳಗಿದ್ದಾರೆ ಅಂತಾದ್ರೂ ಅಂದ್ಕೊಂಡು ಕೂತಿರ್ತೀನಿ."