ಬಿಸಿಲು ಬಿದ್ದ ದಿನ ಜಾರಿದ ಹಿಮ

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ ಎರಡು ತಾಸಾಗಿತ್ತು. ಸಿರ್ಸಿಯ ನಮ್ಮ ಐಸ್‌ಕ್ರೀಂ ಅಂಗಡಿಯಲ್ಲಿ, ಫ್ರೀಜರಿನ ಗೋಡೆಗೆ ದಪ್ಪಗೆ ಕಟ್ಟಿದ್ದ ಹಿಮದ ಪದರ ಧಡ್ ಎಂದು ಕಳಚಿ ಬಿತ್ತು. ಅಷ್ಟೇ. ಎದುರು ಕೂತು ಸೋಡಾ ಕುಡಿಯುತ್ತಿದ್ದ ಗಣಪತಿ ಹೌಹಾರಿ ಎದ್ದು ನಿಂತ. ನಾನೂ ನಿಂತಿದ್ದೆ. ಗಿರಾಕಿಯೊಬ್ಬರು ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂಬಂತೆ ನೋಡಿದರು. ಅವರಿಗೇನು ಗೊತ್ತು? ನಿಮಗೂ ಗೊತ್ತಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ.

ಗಣಪತಿ ಸಿದ್ದಾಪುರ ಕಡೆಯ ಕೃಷಿಕ, ನನ್ನ ಹೈಸ್ಕೂಲಿನ ಗೆಳೆಯ. ಮೂರು ಚಳಿಗಾಲದ ಹಿಂದೆ ನಾವಿಬ್ಬರೂ ಹಿಮಾಲಯಕ್ಕೆ ಚಾರಣ ಹೋದೆವು. ಐವತ್ತರ ಹತ್ತಿರ ಬಂದ ಗಂಡಸರಿಗೆ ಇಂಥ ಹುಚ್ಚು ಹಿಡಿಯುವುದುಂಟು. ಮಂಕಿ ಕ್ಯಾಪ್ ಹಾಕಿಕೊಂಡ ನನ್ನ ಫೋಟೋ ನೋಡಿ ನನ್ನ ಹೆಂಡತಿ, "ಕ್ಯಾಪ್ ಯಾಕೆ ಬೇಕಿತ್ತು?" ಎಂದು ಕೇಳಿದಳು.

ಗಣಪತಿಗೆ ಹಿಂದಿಯ ಗಂಧಗಾಳಿ ಇಲ್ಲ. ನಾನು ಮನೆಯಲ್ಲಿ ಉರ್ದು ಆಡುವವನಾದ್ದರಿಂದ ದುಭಾಷಿ ಕೆಲಸ ನನ್ನದು. ನಮ್ಮ ಸಿರ್ಸಿ ಉರ್ದು ಕೇಳಿ ಗೈಡ್ ರತನ್ ಮೊದಲ ದಿನ ಬಿದ್ದು ಬಿದ್ದು ನಕ್ಕ. ಒಳ್ಳೆಯ ಮನುಷ್ಯ. ಅವನ ಮನೆಯಲ್ಲೇ ಉಳಿದಿದ್ದೆವು. ಸಾಕು ಅಂದರೂ ಕೇಳದೆ ರೊಟ್ಟಿಗೆ ತುಪ್ಪ ಸುರಿಯುತ್ತಿದ್ದ.

ಅಂಗಡಿ ಇಡುವ ಮೊದಲು ನಾನು ಹದಿನೈದು ವರ್ಷ ಯಲ್ಲಾಪುರದ ಘಟ್ಟದಲ್ಲಿ ಟೆಂಪೋ ಓಡಿಸಿದವನು. ರಸ್ತೆಗೆಂದು ಗುಡ್ಡ ಕಡಿದಲ್ಲಿ ನಿಲ್ಲುವ ಮಣ್ಣಿನ ಗೋಡೆಗೆ ನಾವು ಧರೆ ಅನ್ನುತ್ತೇವೆ. ಧರೆ ಕುಸಿಯುವುದು ಮಳೆಗೆ. ಎರಡು ದಿನ ಬಿಸಿಲು ಬಿದ್ದರೆ ಮಣ್ಣು ಗಟ್ಟಿ, ಗಾಡಿ ಬಿಡಬಹುದು. ಈ ಲೆಕ್ಕಾಚಾರ ನನ್ನ ಮೈಗೆ ಹತ್ತಿಬಿಟ್ಟಿತ್ತು ನೋಡಿ, ಅದನ್ನೇ ಹೊತ್ತುಕೊಂಡು ಹಿಮಕ್ಕೂ ಹೋದೆ. ಎಂಥ ಪೆದ್ದ ನಾನು!

ಮೂರು ದಿನ ಮೋಡ, ನಡುವೆ ಹಿಮದ ಮೇಲೆ ಮಳೆ. ನಾಲ್ಕನೆಯ ಬೆಳಿಗ್ಗೆ ನಮ್ಮೂರಿನ ಡಿಸೆಂಬರಿನಂಥ ಬಿಸಿಲು. ಸ್ವೆಟರ್ ಬಿಚ್ಚಿ ಕುಣಿದಾಡಿದೆವು. ರತನ್ ಮಾತ್ರ ಹಿಮಕ್ಕೆ ಕೋಲು ಚುಚ್ಚಿ ನೋಡಿ ಮುಖ ಸಣ್ಣದು ಮಾಡಿಕೊಂಡ. ರಾತ್ರಿ ಹಿಮ ಹೆಪ್ಪುಗಟ್ಟಿಲ್ಲ, ಒಳಗೆಲ್ಲ ನೀರು, ಈ ಬಿಸಿಲಿಗೆ ಇಳಿಜಾರು ಇಡೀ ಜಾರುತ್ತದೆ, ಇವತ್ತು ಬೇಡ ಎಂದ. ಮೇಲಿಂದ ತಾವೇ ಉರುಳಿ ಬರುತ್ತಿದ್ದ ಸಣ್ಣ ಸಣ್ಣ ಹಿಮದ ಉಂಡೆಗಳನ್ನು ತೋರಿಸಿದ. ಕೊನೆಗೆ ಕೈ ಮುಗಿದ.

"ಎಂತ ಹೇಳ್ತಾನೋ ಅಂವ?" ಗಣಪತಿ ಕೇಳಿದ.

"ಬಿಸಿಲು ಜೋರಿದೆಯಂತೆ. ಕಪ್ಪು ಕನ್ನಡಕ ಹಾಕ್ಕೊಳ್ಳಿ ಅಂತಾನೆ," ಅಂದೆ.

ಹೌದು, ಹಾಗೇ ಅಂದೆ. ನಾಡಿದ್ದು ರೈಲು ಹಿಡಿಯಬೇಕಿತ್ತು. ಬಿಸಿಲಿನಲ್ಲಿ ಯಾವ ಗುಡ್ಡ ಕುಸಿಯುತ್ತದೆ ಎಂಬ ಉಡಾಫೆಯೂ ಇತ್ತು. ಗಣಪತಿ ಕನ್ನಡಕ ಹಾಕಿಕೊಂಡ. ನೀನು ಬರದಿದ್ದರೆ ನಾವಿಬ್ಬರೇ ಹೋಗುತ್ತೇವೆ ಎಂದು ರತನನಿಗೆ ಹೇಳಿದೆ. ಅವನು ನಮ್ಮನ್ನು ಬಿಡಲಾರದೆ ಬಂದ. ನಮ್ಮನ್ನು ಬಂಡೆಯ ಮರೆಯಲ್ಲಿ ನಿಲ್ಲಿಸಿ, ತಾನು ಮೊದಲು ದಾಟುತ್ತೇನೆ ಎಂದು ಇಳಿಜಾರಿಗೆ ಕಾಲಿಟ್ಟ.

ಅಯ್ಯೋ, ಆ ಸದ್ದು! ಬೆಟ್ಟದ ಮೈಯೇ ಕಳಚಿ ಬಂತು. ರತನ್ ಇದ್ದ, ಮರುಕ್ಷಣ ಇರಲಿಲ್ಲ. ಗಣಪತಿಯೇ ಮೊದಲು ಓಡಿದ. ಕೆಳಗೆ ಒಂದು ಕೈಗವಸು ಕಾಣುತ್ತಿತ್ತು. ಒದ್ದೆ ಸಿಮೆಂಟಿನಂಥ ಆ ಹಿಮವನ್ನು ಬರಿಗೈಯಲ್ಲಿ ಬಗೆದೆವು. ಉಸಿರಿತ್ತು. ಎಡಗಾಲು ಮಾತ್ರ ಎಲ್ಲೋ ತಿರುಗಿಹೋಗಿತ್ತು.

ಈ ಮೂರು ವರ್ಷ ನಾನು ಬಾಯಿಬಿಟ್ಟಿರಲಿಲ್ಲ. ಮೊನ್ನೆ ಫ್ರೀಜರಿನ ಮುಂದೆ ನಿಂತೇ ಗಣಪತಿಗೆ ಎಲ್ಲ ಹೇಳಿಬಿಟ್ಟೆ. ಕಪಾಳಕ್ಕೆ ಹೊಡೆಯುತ್ತಾನೆ ಎಂದುಕೊಂಡಿದ್ದೆ.

"ಕನ್ನಡಕ ಹಾಕ್ಕೊಳ್ಳಿ ಹೇಳೂಕೆ ಯಾರಾದ್ರೂ ಕೈ ಮುಗೀತಾರನಾ, ಮಾರಾಯಾ?" ಅಂದ. "ನಂಗೆ ಅವತ್ತೇ ಗೊತ್ತಾಗಿತ್ತು. ನಂಗೂ ಹೋಗೂದೇ ಬೇಕಾಗಿತ್ತು."

ಇಷ್ಟು ದಿನ ಇವನೊಬ್ಬ ಏನೂ ಅರಿಯದ ಪಾಪದವನು ಎಂದುಕೊಂಡಿದ್ದೆನಲ್ಲ!

"ಫೋನ್ ಹಚ್ಚು," ಅಂದ ಗಣಪತಿ. ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ನಾವು ರತನನಿಗೆ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಅವನು ಎತ್ತಿದ. ನಾನು ಸುಳ್ಳು ಹೇಳಿದ್ದನ್ನು ಹೇಳಿದೆ. ಬೈಯಲಿಲ್ಲ. ಕಾಲು ಮಡಚಲು ಬರುವುದಿಲ್ಲ, ಗೈಡ್ ಕೆಲಸ ಈಗ ತಮ್ಮನದು ಎಂದ. ಈ ಚಳಿಗಾಲವೂ ಬೆಚ್ಚಗಿದೆಯಂತೆ, ರಾತ್ರಿ ಹಿಮ ಗಟ್ಟಿಯಾಗುತ್ತಿಲ್ಲವಂತೆ. ಆಮೇಲೆ, "ಅಣ್ಣಾ, ನಮ್ಮನೆಯಲ್ಲಿ ನಿಮ್ಮ ಕರ್ನಾಟಕದವರೇ ಆರು ಜನ ಇಳಿದಿದ್ದಾರೆ. ತಮ್ಮ ಬೇಡ ಅಂದರೂ ಹೊರಟು ನಿಂತಿದ್ದಾರೆ. ನಿಮ್ಮ ಭಾಷೆಯಲ್ಲಿ ನೀವೇ ಹೇಳ್ತೀರಾ?" ಎಂದ.

ಫೋನ್ ಕೈ ಬದಲಾಯಿತು.

"ಹಲೋ, ಯಾರ್ರೀ? ಲಗೂನ ಹೇಳ್ರಿ, ಹೊಂಟೇವಿ. ಇಲ್ಲಿ ಬಿಸಿಲು ಭಾಳ ಚಲೋ ಬಿದ್ದೈತಿ."

ಗಣಪತಿ ನನ್ನ ತೋಳು ಹಿಡಿದುಕೊಂಡ. ರತನ್ ಅವತ್ತು ಹೇಳಿದ್ದನ್ನು ಒಂದು ಶಬ್ದವೂ ಬಿಡದೆ ನಾನು ಕನ್ನಡದಲ್ಲಿ ಹೇಳತೊಡಗಿದೆ.